ಮನೆಮಾತಿಗೆ ಕಿವಿಗೊಡೋಣ



ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಉಳಿದುಕೊಂಡ ಪ್ರಸಂಗ ನಿಮಗೆಲ್ಲ ಗೊತ್ತು. ಜಪಸರದ ಸಂತೋಷದ ರಹಸ್ಯಗಳಲ್ಲಿ ಐದನೆಯದಾಗಿ ನಾವು ಅದನ್ನು ಧ್ಯಾನಿಸುತ್ತೇವೆ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಮೂರು ದಿನ ಹುಡುಕಿ ಕೊನೆಗೆ ಮಗನನ್ನು ಕಂಡಾಗ ಆತ ಏನು ಮಾಡುತ್ತಿದ್ದ? ಸಂತ ಲೂಕರು ತಮ್ಮ ಎರಡನೆಯ ಅಧ್ಯಾಯದಲ್ಲಿ ಎರಡು ಕೆಲಸಗಳನ್ನು ಹೇಳುತ್ತಾರೆ. ಆತ ಬೋಧಕರ ನಡುವೆ ಕುಳಿತು ಅವರ ಮಾತನ್ನು ಆಲಿಸುತ್ತಿದ್ದ. ಅವರಿಗೆ ಪ್ರಶ್ನೆ ಹಾಕುತ್ತಿದ್ದ.

ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಪದವಿದೆ: ಕೇಳುವುದು. ಅಜ್ಜಿ ಹೇಳಿದ ಕಥೆಯನ್ನು ಮಗು ಕೇಳುತ್ತದೆ, "ಆಮೇಲೇನಾಯ್ತು?" ಎಂದೂ ಕೇಳುತ್ತದೆ. ತಮಿಳಿನಲ್ಲೂ ಹೀಗೆಯೇ. ತೆಲುಗಿನಲ್ಲಿ ಮಾತ್ರ ಆಲಿಸುವುದಕ್ಕೆ 'ವಿನು', ಪ್ರಶ್ನಿಸುವುದಕ್ಕೆ 'ಅಡುಗು' ಎಂದು ಬೇರೆ ಬೇರೆ ಪದಗಳಿವೆ. ಆಲಿಸುವುದೂ ಪ್ರಶ್ನಿಸುವುದೂ ಒಂದೇ ಕೆಲಸದ ಎರಡು ಮುಖಗಳೆಂದು ನಮ್ಮ ಹಿರಿಯರ ನುಡಿ ನಮಗೆ ಕಲಿಸಿಕೊಡುತ್ತಿದೆ. ನಮ್ಮ ಮಕ್ಕಳು ತಮ್ಮ ಮನೆಮಾತನ್ನು ಕಲಿಯುವುದೂ ಕಳೆದುಕೊಳ್ಳುವುದೂ ಈ 'ಕೇಳುವಿಕೆ'ಯ ಮೇಲೆಯೇ ನಿಂತಿದೆ ಎಂಬುದನ್ನು ಈ ವಾರ ಯೋಚಿಸೋಣ.

ನಮ್ಮ ಮನೆಗಳ ಸ್ಥಿತಿ

ಕೋಲಾರ ಜಿಲ್ಲೆ ಮೂರು ರಾಜ್ಯಗಳು ಸೇರುವ ನೆಲ. ಮುಳಬಾಗಿಲು, ಶ್ರೀನಿವಾಸಪುರಗಳ ಆಚೆ ಆಂಧ್ರ. ಮಾಲೂರಿನ ಆಚೆ ತಮಿಳುನಾಡಿನ ಹೊಸೂರು. ಸಂತೆಯ ದಿನ ಕೋಲಾರದ ಬೀದಿಯಲ್ಲಿ ನಿಂತರೆ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ನಮ್ಮ ಕಥೋಲಿಕ ಕುಟುಂಬಗಳಲ್ಲೂ ಹಾಗೆಯೇ. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಚಿನ್ನದ ಗಣಿಯಲ್ಲಿ ದುಡಿದವರ ಮನೆಯಲ್ಲಿ ತಮಿಳು. ತಾಯಿಯದು ಒಂದು ಮಾತು, ತಂದೆಯದು ಇನ್ನೊಂದು ಎನ್ನುವ ಮನೆಗಳೂ ಕಡಿಮೆಯೇನಿಲ್ಲ.

ಇದು ಶಾಪವಲ್ಲ, ವರ. ಆದರೆ ಈ ವರ ನಮ್ಮ ಕಣ್ಣೆದುರಿಗೇ ಕರಗುತ್ತಿದೆ. ಮಗು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತದೆ. ಕನ್ನಡವನ್ನು ಒಂದು ವಿಷಯವೆಂದು ಓದಿ ಅಂಕ ತರುತ್ತದೆ. ಮನೆಯ ತೆಲುಗೋ ತಮಿಳೋ ಅರ್ಥವಾಗುತ್ತದೆ. ಆದರೆ ಉತ್ತರ ಮಾತ್ರ ಬೇರೆ ಮಾತಿನಲ್ಲಿ ಬರುತ್ತದೆ. ಕನ್ನಡದ ಮನೆಗಳಲ್ಲೂ ಸ್ಥಿತಿ ಬೇರೆಯಲ್ಲ. ಭಾನುವಾರ ವಾಚನ ಓದಲು ಬರುವ ಮಕ್ಕಳಲ್ಲಿ ಕೆಲವರ ಕೈಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಕನ್ನಡದ ಚೀಟಿ ಇರುತ್ತದೆ. ಗಾಯನ ವೃಂದದ ಹಾಡಿನ ಹಾಳೆಗಳೂ ಹಾಗೆಯೇ ಆಗುತ್ತಿವೆ.

"ಅದರಿಂದೇನು ಸ್ವಾಮಿ, ಶಬ್ದ ಸರಿಯಾಗಿ ಬಂದರಾಯಿತಲ್ಲ" ಎಂದು ನೀವು ಹೇಳಬಹುದು. ಶಬ್ದವೂ ಸರಿಯಾಗಿ ಬರುವುದಿಲ್ಲ ಎಂಬುದೇ ತೊಂದರೆ. ಇಂಗ್ಲಿಷ್ ಅಕ್ಷರದಲ್ಲಿ ಹಾಲಿಗೂ ಹಾಳಿಗೂ ವ್ಯತ್ಯಾಸವಿಲ್ಲ. ಬೆಲೆಗೂ ಬೆಳೆಗೂ ವ್ಯತ್ಯಾಸವಿಲ್ಲ. ಮನೆಗೂ ಮಣೆಗೂ ವ್ಯತ್ಯಾಸವಿಲ್ಲ. ಗೋಧಿಯ ನಡುವೆ ವೈರಿ ಬಂದು ಕಳೆ ಬಿತ್ತಿದ ಸಾಮತಿಯನ್ನು ಇಂತಹ ಚೀಟಿ ನೋಡಿ ಓದಿದರೆ, ಹೊಲದಲ್ಲಿ ಕಳೆಯ ಬದಲು 'ಕಲೆ' ಬೆಳೆಯುತ್ತದೆ! ಪೀಠದ ಬಳಿ ನಿಂತ ಮಗುವಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕಿಂತ ದುಃಖದ ಸಂಗತಿಯೆಂದರೆ, ಕೆಳಗೆ ಕುಳಿತ ನಮಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಏಕೆಂದರೆ ನಾವೂ ಕೇಳುತ್ತಿರುವುದಿಲ್ಲ.

ಕಿವಿಗೆ ಬೀಳುವುದು, ಕಿವಿಗೊಡುವುದು

ಮಾತು ಕಿವಿಗೆ ಬೀಳುವುದು ಬೇರೆ, ಮಾತಿಗೆ ಕಿವಿಗೊಡುವುದು ಬೇರೆ. ಮಳೆಯ ಸದ್ದು ಕಿವಿಗೆ ಬೀಳುತ್ತದೆ, ಟಿ.ವಿ.ಯ ಸದ್ದು ಬೀಳುತ್ತದೆ. ಅದಕ್ಕೆ ನಾವು ಏನೂ ಮಾಡಬೇಕಾಗಿಲ್ಲ. ಕಿವಿಗೊಡಬೇಕಾದರೆ ಮಾತ್ರ ನಮ್ಮದೊಂದನ್ನು ನಾವು ಕೊಡಬೇಕು. ನಮ್ಮ ಸಮಯ ಕೊಡಬೇಕು, ಮನಸ್ಸು ಕೊಡಬೇಕು, ಕೈಯಲ್ಲಿರುವ ಮೊಬೈಲನ್ನು ಕೆಳಗಿಡಬೇಕು.

ಮನೆಯಲ್ಲಿ ಒಂದು ಭಾಷೆ ಸುತ್ತಲೂ ಕೇಳಿಬರುತ್ತಿದ್ದರೆ ಮಗು ತಾನಾಗಿ ಕಲಿತುಬಿಡುತ್ತದೆ ಎಂದು ನಾವು ಭಾವಿಸುತ್ತೇವೆ. ಅಡುಗೆ, ಊಟ, ಬೈಗುಳಕ್ಕೆ ಬೇಕಾದಷ್ಟನ್ನು ಅದು ಹಾಗೆ ಕಲಿಯುವುದು ನಿಜ. ಆದರೆ ಪ್ರಾರ್ಥಿಸಲು, ದುಃಖ ಹೇಳಿಕೊಳ್ಳಲು, ಕ್ಷಮೆ ಕೇಳಲು, ಓದಲು, ಬರೆಯಲು ಬೇಕಾದ ಭಾಷೆ ಹಾಗೆ ಬರುವುದಿಲ್ಲ. ಅದಕ್ಕೆ ಒಬ್ಬರು ಎದುರು ಕುಳಿತು ಹೇಳಬೇಕು, ಒಬ್ಬರು ಕೇಳಬೇಕು, ಮತ್ತೆ ಕೇಳಬೇಕು.

ಈ ಮಾತಿಗೆ ಸಂತ ಅಗಸ್ಟೀನರೇ ಸಾಕ್ಷಿ. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿ ಎರಡು ಭಾಷೆಗಳನ್ನು ಎದುರಿಸಿದರು. ಲ್ಯಾಟಿನನ್ನು ದಾದಿಯರ ಮುದ್ದಿನ ನಡುವೆ, ನಗುವಿನ ನಡುವೆ, ಆಟದ ನಡುವೆ ಗಮನವಿಟ್ಟು ಕಲಿತರು. ಗ್ರೀಕನ್ನು ಶಾಲೆಯಲ್ಲಿ ಬೆದರಿಕೆ ಮತ್ತು ಶಿಕ್ಷೆಗಳ ನಡುವೆ ಕಲಿಯಬೇಕಾಯಿತು. ಮೊದಲನೆಯದು ಅವರ ಉಸಿರಾಯಿತು. ಎರಡನೆಯದನ್ನು ಅವರು ದ್ವೇಷಿಸಿದರು. ಭಾಷೆ ಕಲಿಯಲು ಭಯದ ಬಲವಂತಕ್ಕಿಂತ ಮುಕ್ತವಾದ ಕುತೂಹಲವೇ ಹೆಚ್ಚು ಶಕ್ತಿಯುಳ್ಳದ್ದು ಎಂದು ತಮ್ಮ 'ಪಾಪನಿವೇದನೆಗಳು' ಎಂಬ ಕೃತಿಯ ಮೊದಲ ಭಾಗದಲ್ಲಿಯೇ ಅವರು ತೀರ್ಮಾನಿಸುತ್ತಾರೆ. ಮುಂದೆ ಅವರು ತಮ್ಮ ಹದಿಹರೆಯದ ಮಗ ಅದೆಯೊದಾತನೊಂದಿಗೆ ಪದಗಳ ಅರ್ಥದ ಬಗ್ಗೆ ನಡೆಸಿದ ಸಂಭಾಷಣೆಯನ್ನು 'ಗುರು' ಎಂಬ ಹೆಸರಿನ ಪುಸ್ತಕವಾಗಿ ಬರೆದರು. ಅಂತಹ ಮಹಾಪಂಡಿತ ತನ್ನ ಮಗನ ಉತ್ತರಗಳನ್ನು ಎಷ್ಟು ತಾಳ್ಮೆಯಿಂದ ಆಲಿಸಿದರೆಂಬುದು ಆ ಪುಸ್ತಕ ಓದಿದವರಿಗೆ ತಿಳಿಯುತ್ತದೆ.

ನೆಹೆಮೀಯನ ಗ್ರಂಥದ ಎರಡು ದಿನಗಳು

ನಮ್ಮ ಸಮಸ್ಯೆ ಹೊಸದೇನಲ್ಲ. ಬಾಬಿಲೋನಿನ ಸೆರೆಯ ನಂತರ ಮರಳಿ ಬಂದ ಯೆಹೂದ್ಯರ ಮನೆಗಳಲ್ಲೂ ಇದೇ ಸಮಸ್ಯೆಯಿತ್ತು. ನೆಹೆಮೀಯನ ಗ್ರಂಥದ 13ನೆಯ ಅಧ್ಯಾಯ ಓದಿರಿ. ಅರ್ಧದಷ್ಟು ಮಕ್ಕಳು ಅಷ್ಡೋದಿನ ಮಾತಾಡುತ್ತಿದ್ದರು, ಯೆಹೂದ್ಯರ ಭಾಷೆಯಲ್ಲಿ ಮಾತಾಡಲು ಅವರಿಗೆ ಬರುತ್ತಿರಲಿಲ್ಲ. ಇದನ್ನು ಕಂಡ ನೆಹೆಮೀಯ ಸಿಟ್ಟಿಗೆದ್ದ. ತಂದೆಯರನ್ನು ಶಪಿಸಿದ, ಕೆಲವರಿಗೆ ಹೊಡೆದ, ಕೂದಲು ಹಿಡಿದು ಕಿತ್ತ. ಆ ಹೊಡೆತದಿಂದ ಮಕ್ಕಳು ಭಾಷೆ ಕಲಿತರೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ.

ಅದೇ ಗ್ರಂಥದ 8ನೆಯ ಅಧ್ಯಾಯದಲ್ಲಿ ಇನ್ನೊಂದು ದಿನವಿದೆ. ಊರಿನ ಬಯಲಿನಲ್ಲಿ ಗಂಡಸರು, ಹೆಂಗಸರು, ತಿಳಿದುಕೊಳ್ಳಬಲ್ಲ ಮಕ್ಕಳು ಎಲ್ಲರೂ ಸೇರಿದ್ದಾರೆ. ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ. ಜನರೆಲ್ಲ ಕಿವಿಗೊಟ್ಟು ಕೇಳುತ್ತಾರೆ. ಲೇವಿಯರು ಜನರ ನಡುವೆ ನಿಂತು, ಓದಿದ್ದು ಅರ್ಥವಾಗುವಂತೆ ಬಿಡಿಸಿ ಹೇಳುತ್ತಾರೆ. ಅರ್ಥವಾದಾಗ ಜನ ಅಳುತ್ತಾರೆ. ಆಮೇಲೆ ಹಬ್ಬದ ಊಟ ಹಂಚಿಕೊಂಡು ಸಂತೋಷಪಡುತ್ತಾರೆ. ಓದುವವರು, ಕೇಳುವವರು, ಬಿಡಿಸಿ ಹೇಳುವವರು ಮೂವರೂ ಸೇರಿದಾಗ ಪಿತೃಗಳ ಮಾತು ಮಕ್ಕಳಿಗೆ ದಾಟಿತು.

ನಾವು ಯಾವ ದಿನವನ್ನು ಆರಿಸಿಕೊಂಡಿದ್ದೇವೆ? "ನಮ್ಮ ಭಾಷೆ ಬರೋದಿಲ್ವಾ ನಿನಗೆ, ನಾಚಿಕೆ ಆಗೋದಿಲ್ವಾ?" ಎಂದು ಗದರಿಸುವುದು ಸುಲಭ. ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಾಲು ಓದಿಸಿ ಅರ್ಥ ಹೇಳುವುದು ಕಷ್ಟ.

ಹೊಂಚುವ ಕಿವಿ, ಪ್ರೀತಿಯ ಕಿವಿ

ಗಮನವಿಟ್ಟು ಕೇಳುವುದೆಲ್ಲ ಒಳ್ಳೆಯದೆಂದು ಹೇಳಲಾಗದು. ನ್ಯಾಯಸ್ಥಾಪಕರ ಗ್ರಂಥದ 12ನೆಯ ಅಧ್ಯಾಯದಲ್ಲಿ ಗಿಲ್ಯಾದಿನವರು ಜೋರ್ಡನ್ ನದಿಯ ಹಾಯ್ಗಡದಲ್ಲಿ ಕಾದು ನಿಂತಿದ್ದರು. ಬಂದವನಿಗೆ 'ಷಿಬ್ಬೋಲೆತ್' ಎನ್ನಲು ಹೇಳುತ್ತಿದ್ದರು. 'ಸಿಬ್ಬೋಲೆತ್' ಎಂದವನು ಎಫ್ರಯಿಮಿನವನೆಂದು ತಿಳಿದು ಕೊಲ್ಲುತ್ತಿದ್ದರು. ಒಂದು ಅಕ್ಷರದ ವ್ಯತ್ಯಾಸಕ್ಕೆ ಜೀವ ಹೋಯಿತು. ಅದೂ ಸೂಕ್ಷ್ಮವಾದ ಕಿವಿಯೇ, ಆದರೆ ಶತ್ರುವನ್ನು ಹುಡುಕುವ ಕಿವಿ. ಗಲಿಲೇಯದ ಉಚ್ಚಾರಣೆಯಿಂದಲೇ ಸಂತ ಪೇತ್ರರು ಸಿಕ್ಕಿಬಿದ್ದದ್ದನ್ನೂ ನೆನೆಯಿರಿ.

ನಮ್ಮ ಕಡೆಯ ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಹೋದಾಗ ಅವರ ಕನ್ನಡದಲ್ಲಿರುವ ತೆಲುಗಿನ ಛಾಯೆಯನ್ನು ಕೇಳಿ ನಗುವವರಿದ್ದಾರೆ. ಊರಿಗೆ ಬಂದಾಗ ಅವರ ತೆಲುಗಿನಲ್ಲಿ ಕನ್ನಡ ಬೆರೆತಿದೆ ಎಂದು ನೆಂಟರು ನಗುತ್ತಾರೆ. ಎರಡು ಕಡೆಯೂ ನಗೆಗೀಡಾದ ಮಗು ಯಾರೂ ನಗದ ಇಂಗ್ಲಿಷಿನ ಹಿಂದೆ ಅಡಗಿಕೊಳ್ಳುತ್ತದೆ. ಮಗುವಿನ ತಪ್ಪನ್ನು ತಿದ್ದಬಾರದೆಂದು ನಾನು ಹೇಳುತ್ತಿಲ್ಲ. ಮಗು "ಹಾಳು ಕುಡಿದೆ" ಎಂದರೆ ನಗಬೇಡಿ, "ಹಾಲು ಕುಡಿದೆಯಾ? ಸಾಕಾಯ್ತಾ?" ಎಂದು ಸರಿಯಾದ ಮಾತನ್ನು ಅದರ ಕಿವಿಗೆ ಹಿಂದಿರುಗಿಸಿ. ನಾಲ್ಕು ಸಲ ಕೇಳಿದ ಮೇಲೆ ನಾಲಿಗೆ ತಾನೇ ತಿದ್ದಿಕೊಳ್ಳುತ್ತದೆ.

ಎರಡು ಮೂರು ಭಾಷೆಗಳು ಮಗುವಿನ ತಲೆ ಕೆಡಿಸುತ್ತವೆ ಎಂಬ ಭಯವೂ ಬೇಡ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಒಂದು ಮಗು ಹುಟ್ಟಿತು. ಮನೆಮಾತು ತಮಿಳು. ದೊಡ್ಡವನಾಗಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಮೈಸೂರು ಸಂಸ್ಥಾನದ ಅಧಿಕಾರಿಯಾದರು. ಬರೆದದ್ದು ಕನ್ನಡದಲ್ಲಿ. 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಕನ್ನಡದ ಆಸ್ತಿಯೆಂದು ನಾಡು ಕರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅವರು. ಮನೆಯ ತಮಿಳು ಅವರ ಕನ್ನಡಕ್ಕೆ ಅಡ್ಡಿಯಾಗಲಿಲ್ಲ. ಓದಿದ ಇಂಗ್ಲಿಷೂ ಅಡ್ಡಿಯಾಗಲಿಲ್ಲ. ಅವರ ಕಥೆಗಳನ್ನು ಓದಿದರೆ, ಹಳ್ಳಿಯವರ ಮಾತಿಗೆ ಎಷ್ಟು ಗೌರವದಿಂದ ಕಿವಿಗೊಟ್ಟಿದ್ದರೆಂಬುದು ಗೊತ್ತಾಗುತ್ತದೆ.

ಹೊರಗಿನಿಂದ ಬಂದವರು ಹೇಗೆ ಕಲಿತರೆಂದು ನೋಡಿದರೆ ನಮಗೆ ನಾಚಿಕೆಯಾಗಬೇಕು. 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಬೆಂಗಳೂರಿನಲ್ಲಿ ಲ್ಯಾಟಿನ್-ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದರು. ಅವರಿಗೆ ಟ್ಯೂಷನ್ ತರಗತಿಗಳಿರಲಿಲ್ಲ. ಜನರ ಜಗಲಿಯಲ್ಲಿ ಕುಳಿತು ಕೇಳಿದರು, ಬರೆದುಕೊಂಡರು, ಮತ್ತೆ ಕೇಳಿದರು.

ವಿಶ್ವಾಸಕ್ಕೂ ಇದಕ್ಕೂ ಏನು ಸಂಬಂಧ?

ಭಾಷೆಯ ವಿಷಯ ಧರ್ಮಗುರುವಿಗೆ ಏಕೆ ಬೇಕು ಎಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವಿದೆ.

ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳೆಲ್ಲ ಕಂಡಿರುವ ಒಂದು ನೋಟವಿದೆ. ಮಂಚದ ಮೇಲೆ ವಯಸ್ಸಾದ ತಾಯಿ. ಸುತ್ತಲೂ ಮಕ್ಕಳು, ಮೊಮ್ಮಕ್ಕಳು. ಎಲ್ಲರಿಗೂ ಆಕೆಯ ಮೇಲೆ ಪ್ರೀತಿಯಿದೆ. ಗುರುಗಳು ಆಕೆಯ ಮಾತಿನಲ್ಲಿ ಪ್ರಾರ್ಥನೆ ಆರಂಭಿಸಿದಾಗ ಆ ಒಣಗಿದ ತುಟಿಗಳು ಅಲುಗುತ್ತವೆ, ಬೇರೆ ಯಾವ ತುಟಿಗಳೂ ಅಲುಗುವುದಿಲ್ಲ. ಮೊಮ್ಮಕ್ಕಳಿಗೆ ಪ್ರಾರ್ಥನೆ ಬರುವುದಿಲ್ಲವೆಂದಲ್ಲ. ಇಂಗ್ಲಿಷಿನಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಜೀವನದ ಕೊನೆಯ ಗಂಟೆಗಳಲ್ಲಿ ಆಕೆ ತುಂಬಿದ ಮನೆಯಲ್ಲಿ ಒಬ್ಬಳೇ ಪ್ರಾರ್ಥಿಸುತ್ತಾಳೆ. ನಮ್ಮ ಮಕ್ಕಳು ಕಳೆದುಕೊಳ್ಳುತ್ತಿರುವುದು ಒಂದು ವಿಷಯದ ಅಂಕಗಳನ್ನಲ್ಲ, ಆ ತಾಯಿಯ ಜೊತೆ ಪ್ರಾರ್ಥಿಸುವ ಭಾಗ್ಯವನ್ನು.

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲಿ, ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಸಳಲ್ಲಿ ನೆಲೆಸಿದ್ದ ವಿಶ್ವಾಸವನ್ನು ನೆನೆಯುತ್ತಾರೆ. ತಿಮೊಥೇಯನ ತಂದೆ ಗ್ರೀಕನೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಎರಡು ಪರಂಪರೆಗಳ ಮನೆ ಅದು, ನಮ್ಮ ಎಷ್ಟೋ ಮನೆಗಳ ಹಾಗೆ. ಅಲ್ಲಿ ವಿಶ್ವಾಸದ ಸರಪಣಿ ಅಜ್ಜಿಯಿಂದ ಆರಂಭವಾಯಿತು. 2018ರ ಜನವರಿ 7ರಂದು ಶಿಶುಗಳಿಗೆ ದೀಕ್ಷಾಸ್ನಾನ ನೀಡುವಾಗ ವಿಶ್ವಗುರು ಫ್ರಾನ್ಸಿಸರು, ವಿಶ್ವಾಸ ದಾಟಿಸುವುದು ಮನೆಯ ಆಡುನುಡಿಯಲ್ಲಿ, ತಂದೆತಾಯಿ ಮತ್ತು ಅಜ್ಜಅಜ್ಜಿಯರ ಆಡುನುಡಿಯಲ್ಲಿ ಎಂಬ ಅರ್ಥದ ಮಾತನ್ನು ಪೋಷಕರಿಗೆ ಹೇಳಿದರು. ಧರ್ಮೋಪದೇಶದ ತರಗತಿ ಆಮೇಲೆ ಬಂದು ಅದನ್ನು ಬೆಳೆಸುತ್ತದೆ, ಅಷ್ಟೆ.

ಪ್ರಭುವೂ ಹೀಗೆಯೇ ಬೆಳೆದರು. ಮನೆಯಲ್ಲಿ ಆಡಿದ್ದು ಅರಮಾಯಿಕ್. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಎದ್ದುನಿಂತು ಓದಿದ್ದು ಪೂರ್ವಿಕರ ಗ್ರಂಥದ ಸುರುಳಿ. ಸತ್ತ ಹುಡುಗಿಯ ಕೈಹಿಡಿದು ಎಬ್ಬಿಸಿದಾಗ 'ತಲಿಥಾ ಕೂಮ್' ಎಂದದ್ದು ಮನೆಮಾತಿನಲ್ಲಿ. ಕಿವುಡನನ್ನು ಗುಣಪಡಿಸಿದಾಗ 'ಎಫ್ಫಾಥಾ', ತೆರೆಯಲಿ, ಎಂದದ್ದೂ ಮನೆಮಾತಿನಲ್ಲಿ. ಗ್ರೀಕಿನಲ್ಲಿ ಬರೆದ ಸಂತ ಮಾರ್ಕರು ಆ ಶಬ್ದಗಳನ್ನು ಬದಲಿಸದೆ ಹಾಗೆಯೇ ಉಳಿಸಿದ್ದಾರೆ. ದೀಕ್ಷಾಸ್ನಾನದ ವಿಧಿಯಲ್ಲಿ ಗುರುಗಳು ಶಿಶುವಿನ ಕಿವಿಯನ್ನೂ ಬಾಯಿಯನ್ನೂ ಮುಟ್ಟಿ ಪ್ರಾರ್ಥಿಸುವುದು ಇದೇ ಶಬ್ದದ ನೆನಪಿನಲ್ಲಿ. ಮೊದಲು ಕಿವಿ, ಆಮೇಲೆ ಬಾಯಿ ಎಂಬ ಕ್ರಮವನ್ನು ಗಮನಿಸಿ.

ಇನ್ನೂ ಒಂದು ಮಾತು. 1942ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಸಿಮೋನ್ ವೇಯ್ಲ್ ಎಂಬಾಕೆ ಶಾಲಾಪಾಠಗಳ ಬಗ್ಗೆ ಒಂದು ಪ್ರಬಂಧ ಬರೆದರು. ಪಾಠದಲ್ಲಿ ಮಗು ಗಳಿಸುವ ಅತ್ಯಮೂಲ್ಯ ಫಲವೆಂದರೆ ಗಮನವಿಡುವ ಶಕ್ತಿ, ಏಕೆಂದರೆ ಪ್ರಾರ್ಥನೆಯೆಂದರೆ ದೇವರ ಕಡೆ ಇಟ್ಟ ಗಮನವೇ ಎಂಬುದು ಆಕೆಯ ವಿಚಾರ. ಲೆಕ್ಕ ತಪ್ಪಾದರೂ ಇಟ್ಟ ಗಮನ ವ್ಯರ್ಥವಾಗುವುದಿಲ್ಲ. ಇದನ್ನು ನಮ್ಮ ವಿಷಯಕ್ಕೆ ಅನ್ವಯಿಸಿದರೆ, ಅಜ್ಜಿಯ ಮಾತಿಗೆ ತಾಳ್ಮೆಯಿಂದ ಕಿವಿಗೊಡಲು ಕಲಿತ ಮಗು ದೇವರ ಮಾತಿಗೂ ಕಿವಿಗೊಡಲು ಕಲಿಯುತ್ತಿದೆ.

ಮನೆಯಲ್ಲಿ ಏನು ಮಾಡಬಹುದು?

ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವ ತಂದೆತಾಯಿಗಳಿಗೆ ಸಮಯವಿಲ್ಲವೆಂಬುದು ನನಗೆ ಗೊತ್ತು. ಆದ್ದರಿಂದ ಸಣ್ಣ ಕೆಲಸಗಳನ್ನೇ ಹೇಳುತ್ತೇನೆ.

ಒಂದು: ರಾತ್ರಿ ಊಟದ ನಂತರ ಹತ್ತು ನಿಮಿಷ. ಟಿ.ವಿ. ಆರಿಸಿ, ಮೊಬೈಲುಗಳನ್ನು ಇನ್ನೊಂದು ಕೋಣೆಯಲ್ಲಿಡಿ. ಮನೆಯ ಹಿರಿಯರು ತಮ್ಮ ಮಾತಿನಲ್ಲಿ ಏನಾದರೂ ಹೇಳಲಿ: ಮಾವಿನ ತೋಪಿನ ಕಥೆ, ಗಣಿಯ ಕಥೆ, ತಮ್ಮ ಮದುವೆಯ ಕಥೆ. ಮಗು ಅದೇ ಮಾತಿನಲ್ಲಿ ಮೂರು ಪ್ರಶ್ನೆ ಕೇಳಲಿ. ಅಜ್ಜಿ ದೂರದ ಊರಿನಲ್ಲಿದ್ದರೆ ವಿಡಿಯೊ ಕರೆಯಲ್ಲಿಯೂ ಇದು ಆಗುತ್ತದೆ.

ಎರಡು: ಶನಿವಾರ ರಾತ್ರಿ ಭಾನುವಾರದ ಶುಭಸಂದೇಶವನ್ನು ನಿಮ್ಮ ಭಾಷೆಯ ಬೈಬಲಿನಿಂದ, ಅದರದೇ ಅಕ್ಷರಗಳಲ್ಲಿ, ನಿಧಾನವಾಗಿ ಓದಿಸಿ. ತಡವರಿಸಿದರೆ ಕಾಯಿರಿ. ಓದಿದ ಮೇಲೆ ಅರ್ಥವಾಗದ ಒಂದು ಪದವನ್ನು ಮಗುವೇ ಹುಡುಕಿ ಕೇಳಲಿ. ನಿಮಗೂ ಗೊತ್ತಿಲ್ಲದಿದ್ದರೆ ಮರುದಿನ ಬಲಿಪೂಜೆಯ ನಂತರ ನಿಮ್ಮ ಗುರುಗಳನ್ನು ಕೇಳಿ. ನಮಗೆ ಸಂತೋಷವಾಗುತ್ತದೆ.

ಮೂರು: ಒಂದು ನೋಟ್‌ಬುಕ್ಕಿನಲ್ಲಿ ಮನೆಮಾತುಗಳ ನಂಟನ್ನು ಬರೆಸಿ. ಕನ್ನಡದ ಹಾಲು ತೆಲುಗಿನಲ್ಲಿ ಪಾಲು, ತಮಿಳಿನಲ್ಲಿ ಪಾಲ್. ಹುಲಿ ಎರಡರಲ್ಲೂ ಪುಲಿ. ಹೂವು ಅಲ್ಲಿ ಪುವ್ವು, ಇಲ್ಲಿ ಪೂ. ನಮ್ಮ ಜಿಲ್ಲೆಯಲ್ಲೇ ಒಂದು ಕಡೆ ಹುಂಗೇನಹಳ್ಳಿ, ಇನ್ನೊಂದು ಕಡೆ ಗೌನಿಪಲ್ಲಿ. ಸಾವಿರ ವರ್ಷಗಳ ಹಿಂದಿನ ಹಳಗನ್ನಡದಲ್ಲೂ ಹಾಲು 'ಪಾಲ್' ಆಗಿತ್ತು; ಆಮೇಲೆ ಕನ್ನಡದಲ್ಲಿ ಪಕಾರ ಹಕಾರವಾಯಿತು. ಕಿವಿಯನ್ನು ತೆಲುಗಿನವರು ಚೆವಿ ಎನ್ನುತ್ತಾರೆ. ನಮ್ಮ ನಾಡಿನ ಕೆಲವು ಕಡೆ ಅವ್ವ ಎಂದರೆ ತಾಯಿ, ತೆಲುಗಿನ ಮನೆಯಲ್ಲಿ ಅವ್ವ ಎಂದರೆ ಅಜ್ಜಿ. ಇದನ್ನು ತಾನೇ ಕಂಡುಕೊಂಡ ಮಗು, ಪಕ್ಕದ ಮನೆಯ ಮಾತು ಪರಕೀಯವಲ್ಲ, ದಾಯಾದಿ ಎಂದು ತಿಳಿಯುತ್ತದೆ. ಭಾಷೆಯ ಹೆಸರಿನಲ್ಲಿ ನಮ್ಮ ಧರ್ಮಸಭೆಯೂ ನೋವುಂಡಿದೆ. ಆ ನೋವಿಗೆ ಇಂತಹ ಮಕ್ಕಳೇ ಮದ್ದು.

ನಾಲ್ಕು: ನಿಮ್ಮ ಮನೆಯ ಹಿರಿಯರು ಚಿಕ್ಕಂದಿನಲ್ಲಿ ಕಲಿತ ಒಂದು ಪ್ರಾರ್ಥನೆಯನ್ನು ಅವರ ಬಾಯಿಂದಲೇ ಕೇಳಿ ಮಕ್ಕಳು ಕಲಿಯಲಿ. ತೆಲುಗಿನ ಮನೆಯಾದರೆ ತೆಲುಗು ಅಕ್ಷರವನ್ನೂ ಕಲಿಸಬಹುದು. ಕನ್ನಡ, ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಒಂದನ್ನು ಬಲ್ಲ ಮಗುವಿಗೆ ಇನ್ನೊಂದು ಬೇಗ ಕೈಗೆ ಹತ್ತುತ್ತದೆ.

ಇಂಗ್ಲಿಷನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅದು ಅನ್ನ ಕೊಡುವ ಭಾಷೆ. ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ಆದರೆ ಅದನ್ನು ಕಲಿಸಲು ಶಾಲೆಯಿದೆ, ಶಿಕ್ಷಕರಿದ್ದಾರೆ, ಪುಸ್ತಕಗಳಿವೆ. ಅಜ್ಜಿಯ ಮಾತನ್ನು ಕಲಿಸಲು ಇರುವುದು ಅಜ್ಜಿ ಮಾತ್ರ. ಆಕೆಗೆ ವಯಸ್ಸಾಗುತ್ತಿದೆ.

ಕುಟುಂಬದಲ್ಲಿ ಚಿಂತನೆಗೆ

1. ಕಳೆದ ವಾರ ನಮ್ಮ ಮನೆಯಲ್ಲಿ ಯಾರ ಮಾತಿಗೆ ಯಾರೂ ಕಿವಿಗೊಡಲಿಲ್ಲ?
2. ಅಜ್ಜಅಜ್ಜಿಯರ ಯಾವ ಪ್ರಾರ್ಥನೆ ಅವರೊಂದಿಗೇ ಮುಗಿದುಹೋಗುವ ಸ್ಥಿತಿಯಲ್ಲಿದೆ?
3. ಮಕ್ಕಳ ಮಾತಿನ ತಪ್ಪನ್ನು ನಾವು ತಿದ್ದುವುದು ಪ್ರೀತಿಯಿಂದಲೋ, ನಗೆಯಿಂದಲೋ?

ಈ ಮೂರನ್ನು ಈ ಭಾನುವಾರ ಜಪಸರದ ನಂತರ ಒಟ್ಟಿಗೆ ಕುಳಿತು ಮಾತಾಡಿ. ಮೊದಲು ಮಕ್ಕಳು ಮಾತಾಡಲಿ, ದೊಡ್ಡವರು ಕೇಳಲಿ. ದೇವಾಲಯದ ಬೋಧಕರು ಹನ್ನೆರಡು ವರ್ಷದ ಹುಡುಗನಿಗೆ ಕಿವಿಗೊಟ್ಟರು. ಅವನ ಉತ್ತರಗಳಿಗೆ ಬೆರಗಾದರು. ನಮ್ಮ ಮಕ್ಕಳಿಗೂ ಅಂತಹ ಬೋಧಕರು ಮನೆಯಲ್ಲಿಯೇ ಸಿಗಲಿ. ಪ್ರಭು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.